ಎಚ್-ಇಂಡೆಕ್ಸ್ 48 ಅಂತೆ. ಸರಿ, ಕಂಡುಹಿಡಿದದ್ದೇನು?

ಇವತ್ತು ಒಂದು ಕಾಲೇಜಿನ ಸೆಮಿನಾರ್‌ಗೆ ಹೋಗಿದ್ದೆ. ಯಾವ ಕಾಲೇಜು ಅಂತ ಕೇಳಬೇಡಿ. ಊಟ ಚೆನ್ನಾಗಿತ್ತು, ಉಪ್ಪಿನ ಋಣ ಇದೆ. ಅತಿಥಿಯಾಗಿ ಬಂದವರು ಮಾಲಿಕ್ಯುಲರ್ ನ್ಯೂರೋಸೈನ್ಸ್‌ನಲ್ಲಿ, ಅಂದರೆ ಮಿದುಳಿನ ಕೆಲಸವನ್ನು ಅಣುಗಳ ಮಟ್ಟದಲ್ಲಿ ಅರಿಯುವ ವಿಜ್ಞಾನದಲ್ಲಿ, ಮೂವತ್ತು ವರ್ಷ ದುಡಿದ ಹಿರಿಯ ವಿಜ್ಞಾನಿ. ನಾನೂ ಒಂದು ಕಾಲದಲ್ಲಿ ಲ್ಯಾಬಿನಲ್ಲಿ ನೊಣದ ಮೇಲೆ ಸಂಶೋಧನೆ ಮಾಡಿದವಳು. ಹಾಗಾಗಿ ಕ್ಲಾಸನ್ನು ಬೇರೆಯವರಿಗೆ ವಹಿಸಿ, ಬೆಳಿಗ್ಗೆ ಆರಕ್ಕೇ ಬಸ್ ಹತ್ತಿದ್ದೆ.

ಪರಿಚಯ ಮಾಡಿಕೊಟ್ಟವರು ಹನ್ನೊಂದು ನಿಮಿಷ ಮಾತಾಡಿದರು. ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. "ಮೇಡಂ ಅವರ ಪೇಪರ್‌ಗಳು 130. ಸೈಟೇಶನ್ 9,200. ಎಚ್-ಇಂಡೆಕ್ಸ್ 48." ಚಪ್ಪಾಳೆ. (ಸೈಟೇಶನ್ ಅಂದರೆ ಬೇರೆ ಪೇಪರ್‌ಗಳಲ್ಲಿ, ಅಂದರೆ ಸಂಶೋಧನಾ ಲೇಖನಗಳಲ್ಲಿ, ಬಂದ ಉಲ್ಲೇಖ.) "ಐ-10 ಇಂಡೆಕ್ಸ್ 97." ಅಂದರೆ ಕನಿಷ್ಠ ಹತ್ತು ಸಲ ಉಲ್ಲೇಖಗೊಂಡ ಪೇಪರ್‌ಗಳು 97. ಇನ್ನೂ ಜೋರು ಚಪ್ಪಾಳೆ. ಆಮೇಲೆ ಅವರು ಬರೆದ ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್‌ಗಳನ್ನೆಲ್ಲ (ಒಂದು ಜರ್ನಲ್‌ನ ಪೇಪರ್‌ಗಳಿಗೆ ಸರಾಸರಿ ಎಷ್ಟು ಸೈಟೇಶನ್ ಬರುತ್ತದೆ ಅನ್ನುವ ಲೆಕ್ಕ) ಕೂಡಿಸಿ ಒಂದು ಮೊತ್ತ ಬೇರೆ ಹೇಳಿದರು! ಬಸ್ಸಿನಲ್ಲಿ ಕೂತವರ ವಯಸ್ಸನ್ನೆಲ್ಲ ಕೂಡಿಸಿ, ಇದು ಡ್ರೈವರ್‌ನ ಅನುಭವ ಅಂದ ಹಾಗಾಯಿತು.

ಹನ್ನೊಂದು ನಿಮಿಷದಲ್ಲಿ ಆಕೆ ಏನು ಕಂಡುಹಿಡಿದರು ಅನ್ನುವುದಕ್ಕೆ ಒಂದೇ ಒಂದು ವಾಕ್ಯ ಇರಲಿಲ್ಲ ಕಣ್ರೀ. ಒಂದೇ ಒಂದು.

ಆಕೆ ಕೆಲಸ ಮಾಡಿದ್ದು ಎಷ್ಟು ಚೆಂದದ ವಿಷಯದ ಮೇಲೆ ಗೊತ್ತಾ? ನಾವು ಏನಾದರೂ ಕಲಿಯುವಾಗ ನರಕೋಶಗಳ ನಡುವಿನ ಕೊಂಡಿ ಗಟ್ಟಿಯಾಗಬೇಕು. ಅದಕ್ಕೆ ಹೊಸ ಪ್ರೋಟೀನ್ ಬೇಕು. ಅದೆಲ್ಲ ಕೋಶದ ನಡುಮನೆಯಲ್ಲಿ ತಯಾರಾಗಿ ತುದಿಯವರೆಗೆ ಸಾಗಿ ಬರಬೇಕು ಅಂದರೆ ಬಹಳ ಹೊತ್ತಾಗುತ್ತದೆ. ಹಾಗಾಗಿ ಕೆಲವು ಪ್ರೋಟೀನ್‌ಗಳು ಅಲ್ಲೇ, ಕೊಂಡಿಯ ಬುಡದಲ್ಲೇ ತಯಾರಾಗುತ್ತವೆ. ಒಗ್ಗರಣೆಗೆ ಎಣ್ಣೆ ಕಾದಾಗ ಪೇಟೆಗೆ ಓಡದೆ ಹಿತ್ತಲಿನಲ್ಲೇ ಕರಿಬೇವು ಕಿತ್ತುಕೊಂಡ ಹಾಗೆ. ಇದನ್ನು ಹೇಳಿದ್ದರೆ ಕೊನೆಯ ಬೆಂಚಿನ ಹುಡುಗನೂ ಫೋನ್ ಕೆಳಗಿಡುತ್ತಿದ್ದ. ಅವನಿಗೆ ಸಿಕ್ಕಿದ್ದು 48.

ಈ 48 ಅಂದರೆ ಏನು? ಕನಿಷ್ಠ 48 ಸಲ ಉಲ್ಲೇಖಗೊಂಡ ಪೇಪರ್‌ಗಳು 48 ಇವೆ ಅಂತ. ಅಷ್ಟೇ. 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ಹೊರತಂದ ಲೆಕ್ಕ ಇದು. ಇದರಿಂದ ಕೆಟ್ಟ ಪರಿಣಾಮಗಳೂ ಆಗುತ್ತಿವೆ ಅಂತ 2020ರಲ್ಲಿ ಅವರೇ ಬರೆದರು. ನಮ್ಮವರು ಇನ್ನೂ ಅಲ್ಲಿಗೆ ತಲುಪಿಲ್ಲ.

ವೇದಿಕೆಯ ಮೇಲೆ ಶಾಲು ಹೊದಿಸುತ್ತಿದ್ದಾಗ ನನಗೆ ನೆನಪಾದದ್ದು ಒಬೈದ್ ಸಿದ್ದಿಕಿ. ನಮ್ಮ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ ಕಟ್ಟಿದವರು. 1970ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಸೀಮೋರ್ ಬೆನ್ಜರ್ ಜೊತೆ ಸೇರಿ, ಜೀನ್ ಕೆಟ್ಟ ವಿಚಿತ್ರ ನೊಣಗಳನ್ನು ಹುಡುಕಿದರು. ಹಲಸಿನ ಹಣ್ಣು ಕೊಯ್ದ ಕೂಡಲೇ ಅಡುಗೆಮನೆಗೆ ಬರುತ್ತವಲ್ಲ, ಅಂಥ ಪುಟ್ಟ ನೊಣಗಳು. ಸೆಕೆ ಏರಿಸಿದರೆ ಬಿದ್ದುಬಿಡುತ್ತವೆ. ತಂಪು ಮಾಡಿದರೆ ಮತ್ತೆ ಏಳುತ್ತವೆ. ಅದರಲ್ಲಿ ಒಂದು ಬಗೆ ಮಾತ್ರ ತಂಪು ಮಾಡಿದರೂ ಬೇಗ ಏಳುವುದಿಲ್ಲ. ಅದಕ್ಕೇ ಅದರ ಹೆಸರು ಕೋಮಟೋಸ್. ಕೋಮಾಕ್ಕೆ ಹೋದ ನೊಣ.

1976ರಲ್ಲಿ ಪೇಪರ್ ಬಂತು. ಆ ನೊಣದಲ್ಲಿ ಕೆಟ್ಟಿದ್ದು ಯಾವ ಪ್ರೋಟೀನ್ ಅಂತ ಗೊತ್ತಾಗಿದ್ದು 1995ರಲ್ಲಿ. ಅದು ಎನ್‌ಎಸ್‌ಎಫ್. ನರಕೋಶದ ತುದಿಯಲ್ಲಿ ರಾಸಾಯನಿಕ ತುಂಬಿದ ಪುಟ್ಟ ಚೀಲಗಳಿರುತ್ತವೆ. ಚೀಲ ಗೋಡೆಗೆ ಅಂಟಿ ಬಾಯಿ ತೆರೆಯಲು ಕೆಲವು ಪ್ರೋಟೀನ್‌ಗಳು ದಾರದ ಹಾಗೆ ಹೊಸೆದುಕೊಳ್ಳುತ್ತವೆ. ಕೆಲಸ ಮುಗಿದ ಮೇಲೆ ಆ ದಾರ ಬಿಚ್ಚಿ ಮತ್ತೆ ಬಳಕೆಗೆ ಕೊಡುವುದು ಈ ಎನ್‌ಎಸ್‌ಎಫ್. ದಾರ ಬಿಚ್ಚದಿದ್ದರೆ ಮುಂದಿನ ಸಂದೇಶ ಹೋಗುವುದಿಲ್ಲ, ನೊಣ ಅಂಗಾತ. ಚೀಲಗಳ ಸಾಗಣೆಯ ಈ ಇಡೀ ಕಥೆಗೆ 2013ರ ಅಕ್ಟೋಬರ್‌ನಲ್ಲಿ ಮೂವರಿಗೆ ನೊಬೆಲ್ ಬಂತು. ಅದಕ್ಕೆ ಮೂರು ತಿಂಗಳ ಮೊದಲು, ಜುಲೈನಲ್ಲಿ, ಬೆಂಗಳೂರಿನಲ್ಲಿ ರಸ್ತೆ ಅಪಘಾತದಲ್ಲಿ ಪೆಟ್ಟಾಗಿ ಸಿದ್ದಿಕಿ ತೀರಿಕೊಂಡಿದ್ದರು.

ಆ 1976ರ ಪೇಪರ್‌ನಿಂದ 1995ರ ಉತ್ತರಕ್ಕೆ ಹತ್ತೊಂಬತ್ತು ವರ್ಷ ಕಣ್ರೀ! ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕ ಹಾಕುವುದು ಹಿಂದಿನ ಎರಡು ವರ್ಷದ ಪೇಪರ್‌ಗಳಿಗೆ.

ಇನ್ನೊಂದು ಕೇಳಿ. ವೆರೋನಿಕಾ ರೋಡ್ರಿಗಸ್ ಅಂತ ಸಿದ್ದಿಕಿಯವರ ವಿದ್ಯಾರ್ಥಿನಿ. ಕೀನ್ಯಾದಲ್ಲಿ ಹುಟ್ಟಿ, ಆಮೇಲೆ ಮುಂಬೈನ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಗೆ ಬಂದ ಹುಡುಗಿ. ಇಬ್ಬರೂ ಸೇರಿ ವಾಸನೆ, ರುಚಿ ಸರಿಯಾಗಿ ತಿಳಿಯದ ನೊಣಗಳನ್ನು ಹುಡುಕಿದರು. ವಾಸನೆಯನ್ನು ಜೀನ್‌ಗಳ ಮೂಲಕ ಅರಿಯುವ ದಾರಿಯಲ್ಲಿ ಅದು ಮೊದಮೊದಲ ಹೆಜ್ಜೆ. 1978ರಲ್ಲಿ ಅದು ಪ್ರಕಟವಾಗಿದ್ದು ಎಲ್ಲಿ? ನಮ್ಮ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪ್ರೊಸೀಡಿಂಗ್ಸ್‌ನಲ್ಲಿ. ಇವತ್ತು ಅದನ್ನು ಪ್ರಮೋಷನ್ ಫೈಲಿನಲ್ಲಿ ಇಟ್ಟು ನೋಡಿ. "ಲೋಕಲ್ ಜರ್ನಲ್ಲಾ ಮೇಡಂ?" ಅಂತ ಕನ್ನಡಕದ ಮೇಲಿಂದ ಒಂದು ನೋಟ ಬರುತ್ತದೆ. ನನಗೆ ಬಂದಿದೆ.

ಹೋಗಲಿ, ಸೈಟೇಶನ್ ಜಾಸ್ತಿ ಇದ್ದರೆ ದೊಡ್ಡ ಶೋಧ ಅಂತಲಾದರೂ ಅನ್ನಬಹುದಾ? 2014ರಲ್ಲಿ ನೇಚರ್ ಪತ್ರಿಕೆ ಅತಿ ಹೆಚ್ಚು ಉಲ್ಲೇಖಗೊಂಡ ನೂರು ಪೇಪರ್‌ಗಳ ಪಟ್ಟಿ ಮಾಡಿತು. ಮೊದಲ ಸ್ಥಾನ ಆಲಿವರ್ ಲೌರಿ ಅವರ 1951ರ ಪೇಪರ್‌ಗೆ. 3 ಲಕ್ಷಕ್ಕೂ ಜಾಸ್ತಿ ಸೈಟೇಶನ್. ವಿಷಯ ಏನು? ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನ. ನಾವೆಲ್ಲ ಲ್ಯಾಬಿನಲ್ಲಿ ನೀಲಿ ಬಣ್ಣ ಬರಿಸುತ್ತಿದ್ದೆವಲ್ಲ, ಅದೇ. ಡಿಎನ್‌ಎ ರಚನೆಯ ಪೇಪರ್ ಆ ನೂರರಲ್ಲೇ ಇಲ್ಲ! ಲೌರಿ ಮಿದುಳಿನ ರಸಾಯನದ ಮೇಲೆ ಅದ್ಭುತ ಕೆಲಸ ಮಾಡಿದವರು. ಸ್ಫಟಿಕದ ಎಳೆಯಿಂದ ತಕ್ಕಡಿ ಮಾಡಿ, ಬಿಡಿ ನರಕೋಶವನ್ನೇ ತೂಗಿ, ಅದರೊಳಗಿನ ಕಿಣ್ವಗಳನ್ನು ಅಳೆದರು. ಅದು ಎಷ್ಟು ಜನಕ್ಕೆ ಗೊತ್ತು?

ಇನ್ನು 2006ರ ಆಲ್‌ಝೈಮರ್ ಪೇಪರ್ ಇದೆ. ನೇಚರ್‌ನಲ್ಲೇ ಬಂದದ್ದು. ಎರಡು ಸಾವಿರಕ್ಕೂ ಹೆಚ್ಚು ಸೈಟೇಶನ್. ಚಿತ್ರಗಳನ್ನು ತಿದ್ದಿದ್ದಾರೆ ಅಂತ ಗೊತ್ತಾಗಿ 2024ರಲ್ಲಿ ವಾಪಸ್ ಪಡೆದರು. ಸೈಟೇಶನ್‌ಗಳನ್ನು ವಾಪಸ್ ಪಡೆಯುವವರು ಯಾರು?

ಈಗ ನಮ್ಮ ಭಾವ ಕಾಮೆಂಟಿಗೆ ಬರುತ್ತಾರೆ, ಗೊತ್ತು. "ಇನ್ನೂರು ಅರ್ಜಿ ಬಂದರೆ ಎಲ್ಲರ ಪೇಪರ್ ಓದುತ್ತಾ ಕೂರೋಕಾಗುತ್ತಾ? ನಂಬರ್ ಇಲ್ಲದಿದ್ದರೆ ಜಾತಿ, ಶಿಫಾರಸು ನಡೆಯುತ್ತದೆ." ಭಾವ, ನೀವು ಹೇಳಿದ್ದರಲ್ಲಿ ಅರ್ಧ ಸರಿ. ಆದರೆ ನಾನೂ ಒಮ್ಮೆ ಆಯ್ಕೆ ಸಮಿತಿಯಲ್ಲಿ ಕೂತಿದ್ದೆ. ಮೊದಲು ಹೆಸರು ಗಟ್ಟಿಯಾಯಿತು. ಆಮೇಲೆ ಆ ಹೆಸರಿಗೆ ಹೊಂದುವ ನಂಬರ್ ಹುಡುಕಿದರು. ಎಚ್-ಇಂಡೆಕ್ಸ್ ಕಡಿಮೆ ಇತ್ತು, ಸರಿ, ಪೇಪರ್ ಎಣಿಸಿದರು. ಅದೂ ಕಡಿಮೆ. ಕೊನೆಗೆ ಇಂಪ್ಯಾಕ್ಟ್ ಫ್ಯಾಕ್ಟರ್ ಕೂಡಿಸಿದರು. ನಾನು ಸುಮ್ನೆ ಚಹಾ ಕುಡಿದು ಸಹಿ ಹಾಕಿ ಬಂದೆ. ಹೌದು, ಹಾಕಿದೆ.

ಇದನ್ನೂ ಹೇಳಿಬಿಡುತ್ತೇನೆ. ರಾತ್ರಿ ಮಲಗುವ ಮುಂಚೆ ನಾನೂ ಗೂಗಲ್ ಸ್ಕಾಲರ್ ತೆಗೆದು ನೋಡುತ್ತೇನೆ. ನನ್ನದು 7 ಪೇಪರ್. ಜಾಸ್ತಿ ಸೈಟೇಶನ್ ಇರುವುದು ನೊಣದ ಮಿದುಳು ಬಿಡಿಸುವ ವಿಧಾನದ ಬಗ್ಗೆ ಬರೆದ ನಾಲ್ಕು ಪುಟಕ್ಕೆ. ನಾಲ್ಕು ವರ್ಷ ರಾತ್ರಿ ಹಗಲು ನೊಣ ಎಣಿಸಿ ಬರೆದ ಪೇಪರ್‌ಗೆ 6. ಅದರಲ್ಲಿ 2 ನಾನೇ ಹಾಕಿಕೊಂಡಿದ್ದು.

ಊಟದ ಹೊತ್ತಿಗೆ ಅತಿಥಿಯ ಪಕ್ಕ ಜಾಗ ಸಿಕ್ಕಿತು. ಯಾವ ಪೇಪರ್ ನಿಮಗೆ ಇಷ್ಟ ಮೇಡಂ ಅಂತ ಕೇಳಿದೆ. ಕೈಯಲ್ಲಿ ಹೋಳಿಗೆ ಹಿಡಿದುಕೊಂಡೇ ಇಪ್ಪತ್ತು ನಿಮಿಷ ಹೇಳಿದರು. ಅದನ್ನು ಯಾರೂ ಹೆಚ್ಚು ಓದಿಲ್ಲವಂತೆ. ತುಪ್ಪ ಆರಿಹೋಯಿತು, ಅವರಿಗೆ ಗಮನವೇ ಇರಲಿಲ್ಲ.

ವರದಿ ಬರೆಯುವ ಕೆಲಸ ನನ್ನ ತಲೆಗೇ ಬಂತು. ಪ್ರೋಟೀನ್ ಬಗ್ಗೆ, ಕರಿಬೇವಿನ ಬಗ್ಗೆ ಆರು ಸಾಲು ಬರೆದು ಕಳಿಸಿದೆ. ಈಗ ತಾನೇ ಅಲ್ಲಿಂದ ಮೆಸೇಜ್ ಬಂದಿದೆ: "ತುಂಬಾ ಚೆನ್ನಾಗಿದೆ ಮೇಡಂ. ಎಚ್-ಇಂಡೆಕ್ಸ್ ಒಂದು ಬಿಟ್ಟುಹೋಗಿದೆ, ಸೇರಿಸಿ ಕಳಿಸ್ತೀರಾ?"

ನೀಲಿ ಟಿಕ್ ಬಿದ್ದಾಗಿದೆ. ಇನ್ನೂ ಉತ್ತರ ಕೊಟ್ಟಿಲ್ಲ.