ಆನೆ ಬಂದಿತ್ತು ಎನ್ನಲಾಗಿದೆ

ಕೊಡಗಿನ ಸಿದ್ದಾಪುರ ಕಡೆಯ ತೋಟಕ್ಕೆ ರಾತ್ರಿ ಆನೆ ಹಿಂಡು ನುಗ್ಗುತ್ತದೆ. ಬೆಳಗ್ಗೆ ನೋಡಿದರೆ ರೋಬಸ್ಟಾ ಕಾಫಿ ಗಿಡಗಳು ನೆಲ ಕಚ್ಚಿವೆ. ಸೊಂಡಿಲಿಗೆ ಎಟಕುವ ಒಂದು ಹಲಸೂ ಮರದಲ್ಲಿಲ್ಲ. ಲದ್ದಿ ಇನ್ನೂ ಬಿಸಿ, ಅದರಲ್ಲಿ ಹಲಸಿನ ಬೀಜ. ಮರುದಿನ ಸುದ್ದಿ ಬರುತ್ತದೆ: 'ಕಾಡಾನೆಗಳು ದಾಳಿ ನಡೆಸಿವೆ ಎನ್ನಲಾಗಿದೆ.'

ಎಂದವರು ಯಾರು? ಗೊತ್ತಿಲ್ಲ. 'ಎನ್ನಲಾಗಿದೆ' ಪದದ ಸುಖವೇ ಅದು, ಹೇಳಿದವರು ಯಾರೂ ಇರುವುದಿಲ್ಲ. ಕೊಲೆ ಆರೋಪಿಯ ವಿಷಯದಲ್ಲಿ ಈ ಎಚ್ಚರ ಬೇಕೇ ಬೇಕು. ಕೋರ್ಟು ತೀರ್ಪು ಕೊಡುವ ಮೊದಲು ಯಾರನ್ನೂ ಕೊಲೆಗಾರ ಅನ್ನುವಂತಿಲ್ಲ. ಆದರೆ ಆನೆ ಮಾನನಷ್ಟ ಮೊಕದ್ದಮೆ ಹಾಕುತ್ತದಾ? ಪರಿಹಾರದ ಅರ್ಜಿ ಹಿಡಿದು ಅರಣ್ಯ ಇಲಾಖೆಗೆ ಹೋದರೆ ಅಲ್ಲೂ ಅದೇ ಅನುಮಾನ. "ಆನೆನ ನೀವು ಕಣ್ಣಾರೆ ನೋಡಿದ್ರಾ?" ಹತ್ತಿರದಿಂದ ನೋಡಿದ್ದರೆ ಅರ್ಜಿಯನ್ನು ಮಕ್ಕಳು ತರಬೇಕಾಗಿತ್ತು.

ಅನುಮಾನವೆಲ್ಲ ಆನೆಗೇ ಖರ್ಚಾಗಿ, ಪ್ರವಾಸಿಗರ ಪಾಲಿಗೆ ಚೂರೂ ಉಳಿದಿಲ್ಲ. ಗೈಡ್ ಶುರು ಮಾಡುತ್ತಾನೆ: "ನೋಡಿ ಸರ್, ಕೊಡವರು ಅಲೆಕ್ಸಾಂಡರನ ಸೈನ್ಯದವರು!" ಇಲ್ಲಿ ಒಂದು 'ಅಂತೆ' ಕೂಡ ಇಲ್ಲ. ಕ್ರಿಸ್ತಪೂರ್ವ 326ರಲ್ಲಿ ಪಂಜಾಬಿನ ಬಿಯಾಸ್ ನದಿ ಹತ್ತಿರ ಆ ಸೈನ್ಯ, ಸಾಕಪ್ಪ, ಇನ್ನು ಮುಂದೆ ಬರಲ್ಲ ಎಂದು ಕೂತುಬಿಟ್ಟಿತು. ಅಲೆಕ್ಸಾಂಡರನೇ ವಾಪಸ್ ಹೊರಟ. ಅಷ್ಟು ಸುಸ್ತಾದವರು ಅಲ್ಲಿಂದ ಎರಡು ಸಾವಿರ ಕಿಲೋಮೀಟರ್‌ಗೂ ಜಾಸ್ತಿ ನಡೆದು, ಮಡಿಕೇರಿ ಘಾಟಿ ಹತ್ತಿ, ಕೊಡವರ ನಿಲುವಂಗಿ ಕುಪ್ಯ ತೊಟ್ಟು ನಿಂತರು. ಹೋಗಲಿ, ನಂಬೋಣ. ಕೊಡಗು 'ಭಾರತದ ಸ್ಕಾಟ್ಲೆಂಡ್' ಅನ್ನುವುದನ್ನೂ ನಂಬೋಣ. ಸ್ಕಾಟ್ಲೆಂಡಿನವರು ಕರಿಮೆಣಸು ಎಲ್ಲಿ ಒಣಗಿಸುತ್ತಾರೋ!

ರಸ್ತೆ ಬದಿಯ ಬೋರ್ಡುಗಳಿಗಂತೂ ಅನುಮಾನದ ಗಾಳಿಯೂ ತಾಗಿಲ್ಲ. 'ಮನೆಯಲ್ಲೇ ಮಾಡಿದ ಚಾಕೊಲೇಟ್.' ಯಾರ ಮನೆ ಅಂತ ಕೇಳಬಾರದು. 'ನೂರಕ್ಕೆ ನೂರು ಶುದ್ಧ ಕಾಡುಜೇನು.' ನನಗೊಂದು ಆಸೆ. ಆನೆ ಸುದ್ದಿಯಲ್ಲಿ ಮಿಕ್ಕಿ ಬಿದ್ದಿರುವ 'ಎನ್ನಲಾದ'ಗಳನ್ನು ತಂದು ಈ ಬೋರ್ಡುಗಳಿಗೆ ಅಂಟಿಸಬೇಕು. 'ಶುದ್ಧ ಎನ್ನಲಾದ ಕಾಡುಜೇನು.' ಓದಲು ಚೆನ್ನಾಗಿದೆ, ಅಲ್ವಾ?

ಅಂಗಡಿಯವರು ಒಪ್ಪುವುದಿಲ್ಲ ಬಿಡಿ. ಅವರ ಹತ್ತಿರ ಪುರಾವೆಯೇ ಇದೆ. ಬೆಂಕಿಕಡ್ಡಿಯನ್ನು ಜೇನಿನಲ್ಲಿ ಅದ್ದಿ ಗೀರುತ್ತಾರೆ. ಹತ್ತಿಕೊಂಡರೆ ಜೇನು ಶುದ್ಧ. ಹತ್ತದಿದ್ದರೆ?

"ಕಡ್ಡಿಗೆ ಥಂಡಿ ಹಿಡಿದಿದೆ ಸರ್. ಕೊಡಗಿನ ಮಳೆ ನೋಡಿ!"