ಎಷ್ಟು ಇಂಚು ಬಿತ್ತು ಅಳಿಯಂದ್ರೇ?

ಲಂಡನ್ನಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದ ಪಕ್ಕದ ಹಾರ್ಲಿಯಲ್ಲಿ ನಮ್ಮ ಮನೆ. ತಲೆ ಮೇಲೆ ವಿಮಾನ ಹಾರುವುದು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇಲ್ಲಿ ನಡೆಯುವುದಿಲ್ಲ. ಹಾಗಿರುವಾಗ 2015ರ ಏಪ್ರಿಲ್‌ನಲ್ಲಿ ಟಿವಿಯವರು ಒಂದು ಸುದ್ದಿ ಹಾಕಿದರು. ಹತ್ತಿರದ ಹಾರ್ಸ್ ಹಿಲ್‌ನಲ್ಲಿ ಪರೀಕ್ಷೆಗೆಂದು ಕೊರೆದ ಬಾವಿಯಲ್ಲಿ ಎಣ್ಣೆಯ ಸುಳಿವು ಸಿಕ್ಕಿದೆ, ದಕ್ಷಿಣ ಇಂಗ್ಲೆಂಡಿನ ಈ ಭಾಗದ ನೆಲದಡಿ 10,000 ಕೋಟಿ ಬ್ಯಾರೆಲ್ ಇರಬಹುದಂತೆ! ಚಿಂತಾಮಣಿಯಿಂದ ಮಗಳ ಮನೆಗೆಂದು ಬಂದಿದ್ದ ನಮ್ಮ ಮಾವನವರು ಇಡ್ಲಿ ತಟ್ಟೆ ಕೆಳಗಿಟ್ಟರು.

ಬೋರ್‌ವೆಲ್ ವಿಷಯದಲ್ಲಿ ಮಾವ ಪಂಡಿತರು. ಅವರ ತೋಟದಲ್ಲಿ ಕೊರೆಸಿ ಫೇಲಾದವುಗಳ ಲೆಕ್ಕ ಅತ್ತೆಯವರಿಗೆ ಮಾತ್ರ ಗೊತ್ತು. ಅವರು ಅದನ್ನು ಒಡವೆಗಳ ಹೆಸರಿನಲ್ಲಿ ನೆನಪಿಟ್ಟುಕೊಂಡಿದ್ದಾರೆ. ಇದು ಕಾಸಿನ ಸರದ ಬೋರು, ಅದು ಬಳೆ ಬೋರು.

"ಎಷ್ಟು ಅಡಿ ಕೊರೆದ್ರಂತೆ?"

"ಎರಡೂವರೆ ಕಿಲೋಮೀಟರಿಗೂ ಜಾಸ್ತಿ ಮಾವ."

"ಎಂಟು ಸಾವಿರ ಅಡಿ ಚಿಲ್ಲರೆ! ನಾವು ಸಾವಿರದಿನ್ನೂರಕ್ಕೇ ಬರೀ ಧೂಳು ನೋಡಿ ಲಾರಿ ವಾಪಸ್ ಕಳಿಸ್ತೀವಲ್ರೀ. ಕೇಸಿಂಗ್ ಬೇರೆ ದುಡ್ಡು ತಾನೇ? ಹೋಗ್ಲಿ, ಎಷ್ಟು ಇಂಚು ಬಿತ್ತು?"

ಬೋರಿನಿಂದ ಬೀಳುವ ಧಾರೆಯನ್ನು ನಮ್ಮ ಕಡೆ ಅಳೆಯುವುದೇ ಇಂಚಿನಲ್ಲಿ. ಇನ್ನೂ ಒಂದು ಹನಿಯೂ ಮೇಲೆ ಬಂದಿಲ್ಲ, ಕಲ್ಲಿನೊಳಗೆ ಇದೆಯೆಂಬ ಅಂದಾಜಷ್ಟೇ, ಅದರಲ್ಲೂ ತೆಗೆಯಲು ಆಗುವುದು ಶೇ. 3ರಿಂದ 15 ಮಾತ್ರ ಎಂದು ವಿವರಿಸಿದೆ. ಮಾವ ನಕ್ಕರು. "ನಮ್ಮ ಜಿಯಾಲಜಿಸ್ಟೂ ನಾಲ್ಕಿಂಚು ಗ್ಯಾರಂಟಿ ಅಂತ ಫೀಸು ಇಸ್ಕೊಂಡ." ಕೆಲವೇ ದಿನಗಳಲ್ಲಿ ಬಾವಿಯ ಕಂಪನಿಯೇ, ತನ್ನ ಪರವಾನಗಿ ಇರುವ ಜಾಗದಾಚೆಗೆ ತಾನು ಅಂಥ ಅಧ್ಯಯನ ಮಾಡಿಲ್ಲ ಎಂದು ಸ್ಪಷ್ಟನೆ ಕೊಟ್ಟಿತು.

ಆದರೆ ಮಾವನ ತಲೆಗೆ ಹುಳ ಹೊಕ್ಕಾಗಿತ್ತು. ಮಾರನೆಯ ಬೆಳಿಗ್ಗೆ ನೋಡಿದರೆ ಚಟ್ನಿಗೆ ತಂದಿಟ್ಟಿದ್ದ ತೆಂಗಿನಕಾಯಿ ನಾಪತ್ತೆ. ಮಾವ ಪಂಚೆ ಮೇಲೆ ನನ್ನ ಚಳಿಗಾಲದ ಜಾಕೆಟ್ ತೊಟ್ಟು, ಅಂಗೈ ಮೇಲೆ ಕಾಯಿ ಮಲಗಿಸಿಕೊಂಡು ಹಿತ್ತಲಿನಲ್ಲಿ ಹೆಜ್ಜೆ ಮೇಲೆ ಹೆಜ್ಜೆ ಇಡುತ್ತಿದ್ದಾರೆ. ನೆಲದಡಿ ಸೆಲೆಯಿರುವ ಪಾಯಿಂಟ್ ಬಂದ ಕಡೆ ಕಾಯಿ ಎದ್ದು ನಿಲ್ಲಬೇಕು. ನಿಂತಿತು, ಸರಿಯಾಗಿ ಪಕ್ಕದ ಮನೆಯವರ ಬೇಲಿಯ ಬುಡದಲ್ಲಿ. ಬೇಲಿಯಾಚೆ ಪಕ್ಕದ ಮನೆಯ ಮುದುಕರು ಕಾಫಿ ಮಗ್ ಹಿಡಿದು ನಿಂತಿದ್ದರು. ನನಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು. ಅವರು ಮಾತ್ರ ಗಂಭೀರವಾಗಿ, ತಮ್ಮ ತಾತ ಇದೇ ಕೆಲಸವನ್ನು ಕವಲೊಡೆದ ಹೇಝಲ್ ಕಡ್ಡಿಯಲ್ಲಿ ಮಾಡುತ್ತಿದ್ದರೆಂದರು. ನಾನು ನಂಬಿರಲಿಲ್ಲ. 2017ರಲ್ಲಿ ಇಲ್ಲಿನ ನೀರು ಸರಬರಾಜು ಕಂಪನಿಗಳಲ್ಲಿ ಹೆಚ್ಚಿನವು, ನಮ್ಮ ಕೆಲಸಗಾರರೂ ಒಮ್ಮೊಮ್ಮೆ ಕಡ್ಡಿ ಹಿಡಿಯುತ್ತಾರೆ ಎಂದು ಒಪ್ಪಿಕೊಂಡ ಮೇಲೆ ನಂಬಿದೆ.

ಈ ದೇಶದಲ್ಲಿ ನೆಲ ಯಾರದೇ ಇರಲಿ, ಅಡಿಯ ಎಣ್ಣೆ ಮಾತ್ರ 1934ರ ಕಾನೂನಿನ ಪ್ರಕಾರ ರಾಜಮನೆತನದ ಹೆಸರಲ್ಲಿ ಸರಕಾರದ್ದು ಎಂದು ತಿಳಿದಾಗ ಮಾವ ಕಾಯಿಯನ್ನು ಮಗಳ ಕೈಗೆ ವಾಪಸ್ ಕೊಟ್ಟರು. ಅಂದು ತಡವಾಗಿ ಚಟ್ನಿಯಾಯಿತು.

ಊರಿಗೆ ಹೋದ ಮೇಲೂ ವಿಚಾರಣೆ ನಿಲ್ಲಲಿಲ್ಲ. ಮಗಳ ಆರೋಗ್ಯಕ್ಕಿಂತ ಮೊದಲು ಬಾವಿಯ ಯೋಗಕ್ಷೇಮ. 2016ರ ಪರೀಕ್ಷೆಯಲ್ಲಿ ನೆಲದಡಿಯ ಮೂರು ಕಲ್ಲಿನ ಪದರಗಳನ್ನೂ ಕೂಡಿಸಿ ದಿನಕ್ಕೆ 1,688 ಬ್ಯಾರೆಲ್ ಬಂತು ಎಂದಾಗ ಅವರಿಗೆ ತೃಪ್ತಿಯಾಗಲಿಲ್ಲ. ಬ್ಯಾರೆಲ್ಲಿಗೆ 159 ಲೀಟರಿನಂತೆ ಗುಣಿಸಿ, ಗಂಟೆಗೆ 11,000 ಲೀಟರ್ ಚಿಲ್ಲರೆ ಎಂದು ನಾನು ಹೇಳುವವರೆಗೂ ಫೋನ್ ಇಡಲಿಲ್ಲ. "ಮೂರೂವರೆ ಇಂಚು ಅನ್ನಿ. ಪರವಾಗಿಲ್ಲ, ಟೊಮೆಟೊ ಹಾಕಬಹುದು. ಆದ್ರೆ ಮೊದಲ ದಿನದ ಧಾರೆ ನಂಬಬೇಡಿ."

2018ರ ಏಪ್ರಿಲ್ 1ರಂದು ಪಕ್ಕದ ನ್ಯೂಡಿಗೇಟ್ ಸುತ್ತ ಭೂಮಿ ಕಂಪಿಸಿತು. ತಾರೀಖು ನೋಡಿ ನಾನು ತಮಾಷೆ ಎಂದುಕೊಂಡೆ. ಆಮೇಲೆ ನೂರಕ್ಕೂ ಹೆಚ್ಚು ಸಲ ಅದೇ ತಮಾಷೆ ನಡೆಯಿತು, ಬಹುಪಾಲು ಯಾರ ಗಮನಕ್ಕೂ ಬಾರದಷ್ಟು ಸಣ್ಣವು. 2019ರ ಫೆಬ್ರವರಿಯ ಒಂದು ನಸುಕಿನಲ್ಲಿ ಬಂದದ್ದು ಮಾತ್ರ ರಿಕ್ಟರ್ ಲೆಕ್ಕದಲ್ಲಿ 3 ದಾಟಿತ್ತು. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಸ್ಟೀಲ್ ಲೋಟಗಳು ಗಲಗಲ ಎಂದವು. ಒಂದು ಸೌಟು ಜಾರಿ ಸಿಂಕಿಗೆ ಬಿತ್ತು. "ರಾತ್ರಿ ಹೊತ್ತು ವಾಷಿಂಗ್ ಮಷಿನ್ ಹಾಕ್ಬೇಡಿ ಅಂತ ಬಡ್ಕೊಂಡೆ" ಎಂದು ಹೆಂಡತಿ ಮಗ್ಗುಲು ಬದಲಿಸಿದಳು. ಬಾವಿಯಿಂದಲೇ ನಡುಗಿತು ಎಂದು ಕೆಲವು ತಜ್ಞರು, ಹಾಗೆನ್ನಲು ಪುರಾವೆಯಿಲ್ಲ ಎಂದು ಇನ್ನು ಕೆಲವರು. ನಮ್ಮ ಮನೆಯಲ್ಲಿ ಮಾತ್ರ ಕೇಸು ಮಷಿನ್ ಮೇಲೆಯೇ ಇದೆ.

ಅದೇ ವರ್ಷ ನಮ್ಮ ಸರ್ರೆ ಕೌಂಟಿಯ ಕೌನ್ಸಿಲ್ಲು ಇನ್ನಷ್ಟು ಬಾವಿ ಕೊರೆದು 20 ವರ್ಷ ಎಣ್ಣೆ ತೆಗೆಯಲು ಅನುಮತಿ ಕೊಟ್ಟಿತು. ಸಾರಾ ಫಿಂಚ್ ಎಂಬ ಸ್ಥಳೀಯ ಮಹಿಳೆ ಪಟ್ಟುಬಿಡದೆ ಕೋರ್ಟಿನ ಮೆಟ್ಟಿಲು ಹತ್ತುತ್ತ ಹೋದರು. 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು 3-2ರ ಬಹುಮತದಿಂದ ಆ ಅನುಮತಿ ಕಾನೂನುಬಾಹಿರ ಎಂದಿತು. ತೆಗೆದ ಎಣ್ಣೆಯನ್ನು ಮುಂದೆ ಯಾರೋ ಉರಿಸಿದಾಗ ಏಳುವ ಹೊಗೆಯನ್ನೂ ಪರಿಸರದ ಲೆಕ್ಕಕ್ಕೆ ಸೇರಿಸಬೇಕಿತ್ತಂತೆ. ನನಗೆ ತೀರ್ಪು ಸರಿ ಅನಿಸಿತು. ಮಾವನಿಗೆ ಅದನ್ನು ಒಪ್ಪಿಸುವುದು ಸುಲಭವಿರಲಿಲ್ಲ.

"ಅಂದ್ರೆ ನಾನು ಬೋರ್ ಕೊರೆಸುವಾಗ, ಆ ನೀರಲ್ಲಿ ಬೆಳೆದ ಟೊಮೆಟೊ ತಿಂದವನ ಹೊಟ್ಟೆ ಉಬ್ಬರಕ್ಕೂ ಲೆಕ್ಕ ಕೊಡಬೇಕಾ?"

ಟೊಮೆಟೊ ತಿಂದರೆ ಹವಾಮಾನ ಕೆಡುವುದಿಲ್ಲ ಎಂದೆ. ಅತ್ತೆಯವರು ಹಿಂದಿನಿಂದ ಏನೋ ಅಂದರು, ಮಾವ ಫೋನನ್ನು ಆ ಕಿವಿಯಿಂದ ಈ ಕಿವಿಗೆ ಬದಲಿಸಿದರು.

"ಅದಿರ್ಲಿ ಅಳಿಯಂದ್ರೇ, ಮೋಟ್ರು ಮೇಲೆತ್ತಿದ್ರಾ? ಪೈಪು ಸಮೇತ ಎತ್ತೋಕೆ ಹೇಳಿ. ಸೆಕೆಂಡ್ ಹ್ಯಾಂಡಲ್ಲಿ ಒಳ್ಳೆ ರೇಟು ಬರುತ್ತೆ."