ಬೆಂಕಿ ಆರಿದೆಯಲ್ಲ ಸಾರ್!

ಕಳೆದ ಶನಿವಾರ ಲಾಸ್ ಏಂಜಲೀಸ್ ಪಕ್ಕದ ಸ್ಯಾನ್ ಗೇಬ್ರಿಯಲ್ ಬೆಟ್ಟಗಳಲ್ಲಿ, ಸುಟ್ಟ ಕಾಡಿನ ದಾರಿಗೆ ಅಡ್ಡ ಹಾಕಿದ ಕಬ್ಬಿಣದ ಗೇಟಿನ ಮುಂದೆ, ನಮ್ಮದೇ ಕನ್ನಡ ಬಳಗದ ಒಂದು ಕುಟುಂಬ ಎದುರಾಯಿತು. ಗಂಡ, ಹೆಂಡತಿ, ಆರೇಳು ವರ್ಷದ ಮಗಳು, ಕೈಚೀಲದಲ್ಲಿ ಪುಳಿಯೋಗರೆ. ಸಹೋದ್ಯೋಗಿಯೊಬ್ಬರ ಕ್ಯಾಬಿನ್, ಅಂದರೆ ಕಾಡಿನೊಳಗಿನ ಪುಟ್ಟ ವಿಹಾರದ ಮನೆ, ಕಾಳ್ಗಿಚ್ಚಿಗೆ ತುತ್ತಾಗದೆ ಉಳಿದಿದೆಯಂತೆ. ಅದರ ಜಗಲಿಯಲ್ಲಿ ಕೂತು ಉಂಡು, ನಾಲ್ಕು ಫೋಟೋ ತೆಗೆದುಕೊಂಡು ಬರುವ ಉತ್ಸಾಹ ಅವರದು. ಗೇಟಿಗೆ ಅಂಟಿಸಿದ್ದ ಪ್ರವೇಶ ನಿಷೇಧದ ಆದೇಶವನ್ನು ನಾನು ತೋರಿಸಿದೆ. "ಬೆಂಕಿ ಆರಿದೆಯಲ್ಲ ಸಾರ್!" ಎಂದು ನಕ್ಕು, ಮಗಳನ್ನು ಎತ್ತಿ ಗೇಟಿನಾಚೆ ಇಳಿಸಿದರು. ಆ ಆದೇಶವನ್ನು ಮೀರಿದವರಿಗೆ 5,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದೆಂದು ಅದೇ ಹಾಳೆಯ ಕೆಳಗೆ ಅಚ್ಚಾಗಿರುತ್ತದೆ. ಅಷ್ಟು ದೂರ ಓದುವ ವ್ಯವಧಾನ ಯಾರಿಗಿದೆ?

ಬೆಂಕಿ ಆರಿದೆ, ನಿಜ. ಆದರೆ ಬೆಟ್ಟದ ಕ್ಯಾಬಿನ್ನಿಗೆ ಹೋಗುವವರನ್ನು ಕೊಲ್ಲುವುದಕ್ಕೆ ಉರಿಯುವ ಬೆಂಕಿಯೇ ಬೇಕೆಂದು ಇವರಿಗೆ ಹೇಳಿಕೊಟ್ಟವರು ಯಾರು?

ಇಲ್ಲಿನ ಬಿಗ್ ಸಾಂತಾ ಅನಿತಾ ಕಣಿವೆಯನ್ನೇ ನೋಡಿ. ತೊರೆಯ ಉದ್ದಕ್ಕೂ ಸುಮಾರು 80 ಹಳೆಯ ಕ್ಯಾಬಿನ್ನುಗಳಿದ್ದ ಜಾಗ ಅದು. ನೆಲ ಸರಕಾರದ್ದು, ಕಟ್ಟಡ ಮಾತ್ರ ಪರವಾನಗಿ ಪಡೆದವರದು. ಕ್ಯಾಬಿನ್ನಿನ ಬಾಗಿಲವರೆಗೆ ರಸ್ತೆಯೇ ಇಲ್ಲ. ಚಾಂಟ್ರಿ ಫ್ಲಾಟಿನಲ್ಲಿ ಕಾರು ನಿಲ್ಲಿಸಿ ನಡೆಯಬೇಕು, ಅಕ್ಕಿ ಮೂಟೆಯಿಂದ ಗ್ಯಾಸ್ ಸಿಲಿಂಡರಿನವರೆಗೆ ಭಾರದ ಸಾಮಾನು ಕತ್ತೆಗಳ ಬೆನ್ನ ಮೇಲೆ ಹೋಗುತ್ತಿತ್ತು. ಅಂಥ ಕಡೆ ಕ್ಯಾಬಿನ್ ಸುಟ್ಟಿತೇ ಉಳಿಯಿತೇ ಎನ್ನುವುದು ಅರ್ಧ ಪ್ರಶ್ನೆ ಮಾತ್ರ. ಕಾಲುದಾರಿಯನ್ನು ಹಿಡಿದು ನಿಲ್ಲಿಸಿದ್ದ ಮರದ ತಡೆಗೋಡೆ ಸುಟ್ಟಿದ್ದರೆ ದಾರಿಯೇ ಕುಸಿಯುತ್ತದೆ. ಒಳಗಿನಿಂದ ಟೊಳ್ಳಾಗಿ ಬೆಂದ ಮರ ಗಾಳಿಯಿಲ್ಲದ ದಿನವೂ ಬೀಳುತ್ತದೆ. ನೆತ್ತಿಯ ಮೇಲೆ ಸಿಕ್ಕಿಕೊಂಡು ತೂಗುವ ಮುರಿದ ಕೊಂಬೆಗೆ ಇಲ್ಲಿನ ಮರಕಡಿಯುವವರು 'ವಿಡೋ ಮೇಕರ್', ಅಂದರೆ ಹೆಂಡತಿಯನ್ನು ವಿಧವೆ ಮಾಡುವಂಥದು, ಎಂದು ಹೆಸರಿಟ್ಟಿರುವುದು ತಮಾಷೆಗಲ್ಲ. ಇನ್ನು ಹಳೆಯ ಕಟ್ಟಡಗಳ ಬೂದಿಯಲ್ಲಿ ಆಸ್ಬೆಸ್ಟಾಸ್, ಸೀಸ ಇರಬಹುದು. ಕರಗಿದ ಪ್ಲಾಸ್ಟಿಕ್ ಪೈಪಿನ ನೀರಿನ ಕಥೆ ಬೇರೆ: 2018ರ 'ಕ್ಯಾಂಪ್' ಎಂಬ ಹೆಸರಿನ ಕಾಳ್ಗಿಚ್ಚಿನ ನಂತರ ಪ್ಯಾರಡೈಸ್ ಊರಿನ ನಲ್ಲಿ ನೀರಿನಲ್ಲಿ ಕ್ಯಾನ್ಸರ್ ತರಬಲ್ಲ ಬೆಂಜೀನ್ ಸಿಕ್ಕಿತ್ತು.

ಇವೆಲ್ಲಕ್ಕಿಂತ ನನ್ನನ್ನು ಹೆದರಿಸುವುದು ಮಳೆ. ಮಲೆನಾಡಿನವನು ಮಳೆಗೆ ಹೆದರುತ್ತಾನೆಂದು ನಗಬೇಡಿ. ಇಲ್ಲಿನ ಪೊದೆಗಾಡು ತೀವ್ರವಾಗಿ ಉರಿದಾಗ ಎಲೆಗಳ ಮೇಣದಂಥ ಅಂಶ ಆವಿಯಾಗಿ ಮಣ್ಣಿಗಿಳಿದು, ಮೇಲ್ಪದರದ ಸ್ವಲ್ಪ ಕೆಳಗೇ ಹೆಪ್ಪುಗಟ್ಟುತ್ತದೆ. ಆಮೇಲೆ ನೆಲವೆಲ್ಲ ಕೆಸುವಿನ ಎಲೆಯಂತೆ, ನೀರು ಇಂಗದೆ ಜಾರುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾದ ಸುಟ್ಟ ಇಳಿಜಾರುಗಳಲ್ಲಿ ಅರ್ಧ ಗಂಟೆಗೆ 7 ಮಿಲಿಮೀಟರ್ ಮಳೆ ಬಿದ್ದರೂ ಕೆಸರು, ಬಂಡೆ, ಮರಗಳ ಪ್ರವಾಹ ಹೊರಟದ್ದಿದೆ. ನಮ್ಮ ಆಗುಂಬೆಯಲ್ಲಿ ಅಷ್ಟು ಮಳೆಗೆ ಯಾರೂ ಕೊಡೆ ಹುಡುಕುವುದಿಲ್ಲ! 2003ರ ಅಕ್ಟೋಬರ್ 25ರಂದು ಸ್ಯಾನ್ ಬರ್ನಾರ್ಡಿನೋ ಬೆಟ್ಟಗಳಲ್ಲಿ ಹೊತ್ತಿದ ಬೆಂಕಿ ಆರಿ, ಎಲ್ಲರೂ ನಿಟ್ಟುಸಿರು ಬಿಟ್ಟಿದ್ದರು. ಸರಿಯಾಗಿ ಎರಡು ತಿಂಗಳಿಗೆ, ಕ್ರಿಸ್‌ಮಸ್ ದಿನ, ವಾಟರ್‌ಮನ್ ಕಣಿವೆಯ ಚರ್ಚ್ ಶಿಬಿರದಲ್ಲಿ ಹಬ್ಬಕ್ಕೆ ಸೇರಿದ್ದವರ ಮೇಲೆ ಕೆಸರು ನುಗ್ಗಿ 14 ಜನರನ್ನು ಕೊಂದಿತು. 2018ರ ಜನವರಿ 9ರಂದು ಮಾಂಟೆಸಿಟೋದಲ್ಲಿ ಇಂಥದೇ ಕೆಸರಿಗೆ ಸಿಕ್ಕಿ 23 ಜನ ಸತ್ತರು. ಅವರ ಪೈಕಿ ಯಾರನ್ನೂ ಬೆಂಕಿ ಮುಟ್ಟಿರಲಿಲ್ಲ.

ಅರಣ್ಯ ಇಲಾಖೆಯನ್ನು ನಾನು ವಹಿಸಿಕೊಂಡು ಮಾತನಾಡುತ್ತಿದ್ದೇನೆಂದು ಕಮೆಂಟಿನಲ್ಲಿ ಬರೆಯಲು ಹೊರಟವರಿಗೆ ಈಗಲೇ ಹೇಳಿಬಿಡುತ್ತೇನೆ. ಒಂದೇ ನಿಷೇಧದ ಆದೇಶವನ್ನು ವರ್ಷ ವರ್ಷ ಮುಂದುವರಿಸುತ್ತ, ಪರವಾನಗಿ ಶುಲ್ಕ ಕಟ್ಟಿದವರಿಗೂ ತಮ್ಮ ಸೂರು ಹೇಗಿದೆಯೆಂದು ತಿಳಿಯದಂತೆ ಕೂರಿಸುವುದು ನನಗೂ ಸರಿಯೆನಿಸುವುದಿಲ್ಲ. ಅಜ್ಜನ ಕಾಲದ ಕ್ಯಾಬಿನ್ ಇದ್ದವರನ್ನು ತಲೆಗೊಂದು ಹೆಲ್ಮೆಟ್ ಹಾಕಿಸಿ, ಜೊತೆಗೊಬ್ಬ ಸಿಬ್ಬಂದಿಯನ್ನು ಕಳಿಸಿ, ಒಂದು ಒಣ ದಿನ ನೋಡಿ ಕರೆದುಕೊಂಡು ಹೋಗಿ ಬಂದರೆ ಗಂಟೇನೂ ಹೋಗುವುದಿಲ್ಲ. ಆದರೆ ಶನಿವಾರ ಗೇಟು ಹಾರಿದವರ ಬಳಿ ಪರವಾನಗಿಯೂ ಇರಲಿಲ್ಲ, ಅಜ್ಜನೂ ಇರಲಿಲ್ಲ. ಇದ್ದದ್ದು ಪುಳಿಯೋಗರೆ. ಆದ್ದರಿಂದ ಮಾಲೀಕರ ನ್ಯಾಯವಾದ ಸಂಕಟವನ್ನು ಇವರ ವಿಹಾರಕ್ಕೆ ಗುರಾಣಿ ಮಾಡಬೇಡಿ.

ಇಷ್ಟೆಲ್ಲ ಹಾರಾಡುತ್ತಿರುವವನು ಸಾಚಾ ಏನಲ್ಲ. 2020ರ ಸೆಪ್ಟೆಂಬರ್ 6ರಂದು ಹೊತ್ತಿದ ಬಾಬ್‌ಕ್ಯಾಟ್ ಕಾಳ್ಗಿಚ್ಚು 1,15,000ಕ್ಕೂ ಹೆಚ್ಚು ಎಕರೆ ಸುಟ್ಟು, ಮೌಂಟ್ ವಿಲ್ಸನ್ ವೀಕ್ಷಣಾಲಯದ ಅಂಗಳದವರೆಗೆ ಬಂದು ಹಿಮ್ಮೆಟ್ಟಿದ ಮೇಲೆ, ನವೆಂಬರಿನ ಒಂದು ಬೆಳಿಗ್ಗೆ ಇಂಥದೇ ಗೇಟನ್ನು ನಾನೂ ಹಾರಿದ್ದೆ. ಕ್ಯಾಬಿನ್ನು ನೋಡುವ ನೆಪವೂ ನನಗಿರಲಿಲ್ಲ, ಬರೀ ಕುತೂಹಲ. ಸಮತಟ್ಟಾಗಿ ಕಂಡ ಬೂದಿಯ ಮೇಲೆ ಇಟ್ಟ ಬಲಗಾಲು ಮೊಣಕಾಲವರೆಗೆ ಒಳಗೆ ಹೋಯಿತು. ಬುಡ ಸುಟ್ಟುಹೋದ ಮರದ ಬೇರು ನೆಲದೊಳಗೆ ಇನ್ನೂ ಹೊಗೆಯಾಡುತ್ತಿತ್ತು. ಬೂದಿ ಮುಚ್ಚಿದ ಕೆಂಡವೆಂಬ ಮಾತನ್ನು ಶಾಲೆಯಲ್ಲಿ ವಾಕ್ಯ ಮಾಡಿ ಬರೆದು ಅಂಕ ತೆಗೆದುಕೊಂಡಿದ್ದವನಿಗೆ ಅದರ ಅರ್ಥ ಅಂದು ಗೊತ್ತಾಯಿತು. ಬೂಟಿನ ಅಟ್ಟೆ ಕರಗಿತು, ಹಿಮ್ಮಡಿ ಬೆಂದಿತು. ಅಡುಗೆಮನೆಯಲ್ಲಿ ಕುದಿಯುವ ನೀರು ಬಿತ್ತೆಂದು ಮನೆಯಲ್ಲಿ ಹೇಳಿದ್ದೆ. ನಿಜವನ್ನು ನನ್ನ ಹೆಂಡತಿ ಈ ಬರಹದಲ್ಲೇ ಮೊದಲ ಸಲ ಓದುತ್ತಿದ್ದಾಳೆ.

ಅದನ್ನು ಶನಿವಾರ ಗೇಟಿನ ಬಳಿ ಹೇಳಬೇಕಿತ್ತು. ಹೇಳಲು ನಾಚಿಕೆಯಾಯಿತು, ಬದಲಿಗೆ ಆದೇಶದ ಹಾಳೆ ತೋರಿಸಿದೆ.

ನಿನ್ನೆ ರಾತ್ರಿ ಅವರು ಫೋಟೋ ಹಾಕಿದ್ದಾರೆ. ಕ್ಯಾಬಿನ್ ನಿಜಕ್ಕೂ ಚೆನ್ನಾಗಿ ಉಳಿದುಕೊಂಡಿದೆ, ಕಲ್ಲಿನ ಹೊಗೆಗೂಡಿಗೂ ಮಸಿ ಹತ್ತಿಲ್ಲ. ಜಗಲಿಯ ಮೆಟ್ಟಿಲ ಮೇಲೆ ಮಗು ತಟ್ಟೆ ಹಿಡಿದು ಕೂತಿದೆ. ಅದರ ಬೆನ್ನ ಹಿಂದೆ ಬುಡದಿಂದ ತುದಿಯವರೆಗೆ ಕರಿಯಾದ ಒಂದು ಮರ ಮಾಡಿನ ಕಡೆಗೆ ವಾಲಿ ನಿಂತಿದೆ. ನೂರಕ್ಕೂ ಹೆಚ್ಚು ಲೈಕುಗಳು, ನಲವತ್ತು ಕಮೆಂಟುಗಳು. ಮರದ ಬಗ್ಗೆ ಒಂದೂ ಇಲ್ಲ.